ಕೆಂಪು ಆಕಾಶದ ರೈಲು, ಅರ್ಧ ಗಿಳಿ

ಅಥವಾ ಆಕಾಶ ಆಗಲೂ ಕೆಂಪಗಿರಲಿಲ್ಲವೇನೋ. ನನಗೆ ನೆನಪಿರುವುದು ಕುಂಕುಮದ ಕೆಂಪು. ಈಗ ಗೋಡೆಯ ಮೇಲಿರುವುದು ಹಾಲು ಹೆಚ್ಚಾದ ಚಹಾದ ಬಣ್ಣ. ನಡುವೆ ಮೂವತ್ತೈದು ವರ್ಷದ ಮಸ್ಕತ್ತಿನ ಬಿಸಿಲಿದೆ, ಎರಡು ಮನೆಗಳ ಬಾಲ್ಕನಿಗಳಿವೆ, ಜೊತೆಗೆ ನಾನಿದ್ದೇನೆ. ಬಣ್ಣ ಬದಲಾಯಿಸಿದ್ದು ಇವರಲ್ಲಿ ಯಾರು ಎಂದು ಹೇಳುವುದು ಕಷ್ಟ. ತಪ್ಪನ್ನು ಬಿಸಿಲಿನ ಮೇಲೆ ಹಾಕುವುದು ಸುಲಭ, ಅದಕ್ಕೆ ಬಾಯಿಲ್ಲ.

ಚಿತ್ರದ ಮಾತು ಹೇಳುತ್ತಿದ್ದೇನೆ. ಮೊದಲು ಅಲ್ ಗುಬ್ರಾದ ಫ್ಲಾಟಿನ ಹಾಲ್‌ನಲ್ಲಿತ್ತು, ಈಗ ಅಲ್ ಮವಾಲೇಹ್‌ನ ನಮ್ಮ ಮನೆಯಲ್ಲಿ ಊಟದ ಮೇಜಿನ ಮೇಲುಗಡೆ ಇದೆ. ಜಪಾನಿನ ಮರದಚ್ಚಿನ ಚಿತ್ರ. ಜಪಾನು ಕತ್ತಿ ಕೆಳಗಿಟ್ಟು ಪರದೇಶದ ಕೊಡೆ ಹಿಡಿದ, ನೂರೈವತ್ತು ವರ್ಷದ ಹಿಂದಿನ ಕಾಲದ್ದು. ಸಮುದ್ರದ ಪಕ್ಕ ಹೊಸದಾಗಿ ಹಾಕಿದ ಹಳಿ, ಅದರ ಮೇಲೆ ಆಟಿಕೆಯಂಥ ರೈಲು, ಹಿಂದೆ ಇಟ್ಟಿಗೆಯ ಕಟ್ಟಡ, ತಂತಿ ಕಂಬಗಳು, ಎಲ್ಲಕ್ಕೂ ಮೇಲೆ ಆ ಆಕಾಶ. ಮುಂದುಗಡೆ ಒಬ್ಬ ಮನುಷ್ಯ ನಮಗೆ ಬೆನ್ನು ಹಾಕಿ ರೈಲನ್ನು ನೋಡುತ್ತಿದ್ದಾನೆ. ತಲೆಗೆ ಇಂಗ್ಲಿಷರ ಟೋಪಿ, ಮೈಗೆ ಜಪಾನಿನ ನಿಲುವಂಗಿ, ಕಾಲಿಗೆ ಬೂಟು.

"ನಮ್ಮ ತಾತನೇ ಕಣೇ ಇವ್ರು," ಎಂದು ಅಮ್ಮ ಮೊದಲ ದಿನವೇ ತೀರ್ಮಾನ ಕೊಟ್ಟಿದ್ದಳು. "ಮೇಲೆ ಕೋಟು, ಕೆಳಗೆ ಪಂಚೆ, ಅದರ ಕೆಳಗೆ ಬೂಟು. ಮೈಸೂರಲ್ಲಿ ಹಾಗೇ ಕಚೇರಿಗೆ ಹೋಗ್ತಿದ್ದಿದ್ದು." ಅಂದಿನಿಂದ ಆ ಮನುಷ್ಯ ನಮ್ಮ ಮನೆಯಲ್ಲಿ ತಾತ. ಪರೀಕ್ಷೆಗೆ ಹೋಗುವಾಗ ನಾನು ತಾತನಿಗೂ ಒಂದು ನಮಸ್ಕಾರ ಹಾಕಿ ಹೋಗುತ್ತಿದ್ದೆ. ಅವರು ತಿರುಗಿ ನೋಡಿದ್ದಿಲ್ಲ.

ಅಪ್ಪನಿಗೆ ತಾತನಿಗಿಂತ ಇಂಜಿನ್ನೇ ಮುಖ್ಯ. ಅವರು ಸಮುದ್ರದ ನೀರನ್ನು ಸಿಹಿ ಮಾಡುವ ಪ್ಲಾಂಟಿನಲ್ಲಿ ಇಂಜಿನಿಯರ್. ಚಹಾ ಹಿಡಿದು ಚಿತ್ರದ ಮುಂದೆ ನಿಂತರೆಂದರೆ ಇನ್ಸ್‌ಪೆಕ್ಷನ್ ಶುರು. "ಚಕ್ರಕ್ಕೂ ಚಕ್ರಕ್ಕೂ ನಡುವೆ ರಾಡೇ ಇಲ್ಲ. ಹೇಗೆ ಓಡುತ್ತೆ ಇದು? ಹೊಗೆ ನೋಡು, ಮುಂದಕ್ಕೆ ಹೋಗ್ತಿದೆ. ನಮ್ಮ ಪ್ಲಾಂಟಿಗೆ ಬಂದಿದ್ರೆ ನಾನು ಸೈನ್ ಹಾಕ್ತಿರ್ಲಿಲ್ಲ." ಒಂದು ಗುಟುಕು ಕುಡಿದು, ನ್ಯಾಯವಾಗಿರಬೇಕೆಂದು, "ಗಾಳಿ ಹಿಂದಿನಿಂದ ಜೋರಾಗಿ ಬೀಸಿದ್ರೆ ಆಗ್ಬಹುದು ಅನ್ನು," ಎಂದು ಸೇರಿಸುತ್ತಿದ್ದರು.

ಆ ಕಾಲದ ಎಷ್ಟೋ ಚಿತ್ರಕಾರರು ರೈಲನ್ನು ಕಣ್ಣಾರೆ ನೋಡುವ ಮೊದಲೇ ಬಿಡಿಸಿದ್ದರಂತೆ. ಹಳಿ ಇನ್ನೂ ಹಾಕುತ್ತಿರುವಾಗಲೇ ಜನರಿಗೆ ಚಿತ್ರ ಬೇಕಿತ್ತು. ಪರದೇಶದ ಪತ್ರಿಕೆಯ ಚಿತ್ರ ನೋಡಿ, ಅವರಿವರು ಹೇಳಿದ್ದು ಕೇಳಿ, ಉಳಿದದ್ದನ್ನು ತಾವೇ ತುಂಬಿಸಿಕೊಂಡರು. ನಾನು ಮಾಡಿದ್ದೂ ಅದನ್ನೇ. ಒಮಾನಿನಲ್ಲಿ ರೈಲಿಲ್ಲ. ಎರಡು ವರ್ಷಕ್ಕೊಮ್ಮೆ ರಜೆಗೆ ಊರಿಗೆ ಹೋದಾಗ ಬೆಂಗಳೂರಿನಿಂದ ಮೈಸೂರಿಗೆ ರೈಲಿನ ಒಳಗೆ ಕೂತು ಹೋಗುತ್ತಿದ್ದೆ. ಒಳಗೆ ಕೂತವಳಿಗೆ ಇಂಜಿನ್ ಎಲ್ಲಿ ಕಾಣುತ್ತದೆ? ಶಾಲೆಯ ಚಿತ್ರಸ್ಪರ್ಧೆಗೆ 'ರೈಲು ನಿಲ್ದಾಣ' ಎಂದು ಕೊಟ್ಟಾಗ ನಾನು ಬಿಡಿಸಿದ್ದು ರಾಡಿಲ್ಲದ ಚಕ್ರ, ಮುಂದಕ್ಕೆ ಹೋಗುವ ಹೊಗೆ, ಕೆಂಪು ಆಕಾಶ. ಟೀಚರ್ ಬಹಳ ಹೊತ್ತು ನೋಡಿ, "ಈಸ್ ಇಟ್ ಆನ್ ಫೈರ್?" ಎಂದು ಕೇಳಿದರು. ಹಾಗಾದರೆ ಆಕಾಶ ಆಗ ಕೆಂಪಗಿತ್ತು ಎಂದಾಯಿತಲ್ಲ? ಆಗಲಿಲ್ಲ. ಟೀಚರ್ ಹಾಗೆ ಕೇಳಿದ್ದು ನನ್ನನ್ನೋ, ಪಕ್ಕದ ಹುಡುಗಿಯನ್ನೋ, ನನಗೆ ಖಾತ್ರಿಯಿಲ್ಲ.

ಚಿತ್ರ ಕೊಟ್ಟವರು ಓಗಿನೊ ಎಂಬ ಜಪಾನಿ. ಪ್ಲಾಂಟಿಗೆ ಹೊಸ ಪಂಪು ಕೂರಿಸಲು ಬಂದು ಒಂದು ವರ್ಷ ಇದ್ದವರು. ಅಪ್ಪನ ಜೊತೆ ಹರಕು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಅಪ್ಪನೂ ಸಹಕಾರಕ್ಕೆಂದು ತಮ್ಮ ಇಂಗ್ಲಿಷನ್ನು ಸ್ವಲ್ಪ ಹರಿದುಕೊಳ್ಳುತ್ತಿದ್ದರು. ಓಗಿನೊ ನಮ್ಮ ಮನೆಗೆ ಬಂದದ್ದು ಒಂದೇ ಸಲ, ಸಂಕ್ರಾಂತಿಗೆ. ಆಗ ವಾರದ ರಜೆ ಗುರುವಾರ, ಶುಕ್ರವಾರ. ಹಬ್ಬ ಯಾವ ದಿನ ಬಂದರೂ ಗುಬ್ರಾದ ಕನ್ನಡದ ಮನೆಗಳಲ್ಲಿ ಅದು ಶುಕ್ರವಾರಕ್ಕೇ ಬರುತ್ತಿತ್ತು. ಎಳ್ಳು ಬೀರುವುದು ಕಾರಿನಲ್ಲಿ: ಹಿಂದಿನ ಸೀಟಿನಲ್ಲಿ ಜರಿಲಂಗದ ನಾವು ನಾಲ್ಕು ಹುಡುಗಿಯರು, ತೊಡೆಯ ಮೇಲೆ ತಟ್ಟೆ. ಒಂದೊಂದು ಬಿಲ್ಡಿಂಗಿನ ಮುಂದೆ ಅಪ್ಪ "ಯಲ್ಲಾ ಯಲ್ಲಾ, ಐದು ನಿಮಿಷ!" ಎಂದು ಇಳಿಸುತ್ತಿದ್ದರು.

ಎಳ್ಳಿನ ಜೊತೆಗೆ ಸಕ್ಕರೆ ಅಚ್ಚು ಬೇಕೇ ಬೇಕು. ಅಮ್ಮನ ಮದುವೆಗೆ ಅವಳ ಅಮ್ಮ ಕೊಟ್ಟ ತೇಗದ ಅಚ್ಚುಗಳು ಅವಳ ಜೊತೆ ಮೈಸೂರಿನಿಂದ ಮಸ್ಕತ್ತಿಗೆ ವಿಮಾನ ಹತ್ತಿದ್ದವು. ಮೀನು, ಕಳಸ, ಬಾಳೆಗೊನೆ, ಬೃಂದಾವನ, ಗಿಳಿ. ಒಂದೊಂದಕ್ಕೂ ಎರಡೆರಡು ಹೋಳು. ಹಿಂದಿನ ದಿನವೇ ನೀರಿನಲ್ಲಿ ನೆನೆಸಿ, ಎರಡನ್ನೂ ಮುಖಾಮುಖಿ ಜೋಡಿಸಿ, ದಾರ ಬಿಗಿದು, ಒಳಗೆ ಪಾಕ ಹೊಯ್ಯಬೇಕು. ಆರಿದ ಮೇಲೆ ಬಿಡಿಸುವುದು ಅಮ್ಮನೊಬ್ಬಳ ಕೆಲಸ. ಅವಳ ಕೈ ತೀರ ಚಿಕ್ಕದು. ಅಂಗಡಿಯಲ್ಲಿ ಮಕ್ಕಳ ಬಳೆ ಕೇಳಿ ತೊಡುವವಳು. ಗಿಳಿಯ ಕೊಕ್ಕು ಮುರಿಯದ ಹಾಗೆ ಹೆಬ್ಬೆಟ್ಟು ಊರಿ ಬಿಡಿಸಲು ಆ ಅಳತೆಯ ಕೈಯೇ ಬೇಕಿತ್ತು.

ಓಗಿನೊ ಆ ದಿನ ಮೇಜಿನ ಮೇಲಿದ್ದ ಅಚ್ಚುಗಳನ್ನು ನೋಡಿದವರೇ ಎದ್ದು ನಿಂತುಬಿಟ್ಟರು. ಇಲ್ಲಿಯವರೆಗೆ ನನ್ನ ನೆನಪೂ ಅಮ್ಮನ ನೆನಪೂ ಒಂದೇ. ಮೀನಿನ ಹೋಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, "ಯು ಈಟ್ ಫಿಶ್?" ಎಂದರು. ಅಪ್ಪ, "ಓನ್ಲಿ ಶುಗರ್," ಎಂದರು. ಇಬ್ಬರೂ ಎಷ್ಟು ನಕ್ಕರೆಂದರೆ ಮೀನು ಕೈಜಾರಿ ಬಿತ್ತು.

ಅವರ ಊರಲ್ಲೂ ಇಂಥ ಅಚ್ಚುಗಳಿವೆಯಂತೆ, ಮಿಠಾಯಿಗೆ. ಅದು ನಿಜ, ಆಮೇಲೆ ನಾನು ಓದಿ ತಿಳಿದುಕೊಂಡೆ. ಅವರು ಹೇಳಿದ ಇನ್ನೊಂದು ಮಾತಿಗೆ ಮಾತ್ರ ಅಪ್ಪನ ಅನುವಾದವೇ ಆಧಾರ: ಓಗಿನೊ ಅವರ ಮುತ್ತಾತ ಇಂಥ ಚಿತ್ರಗಳಿಗೆ ಮರ ಕೆತ್ತುತ್ತಿದ್ದರಂತೆ. ಬರೆಯುವವನೊಬ್ಬ, ಕೆತ್ತುವವನೊಬ್ಬ, ಬಣ್ಣ ಹಚ್ಚಿ ಒತ್ತುವವನೊಬ್ಬ. ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ. ಆಕಾಶದ ಕೆಂಪು ಸಮುದ್ರಕ್ಕೆ ಚೆಲ್ಲದ ಹಾಗೆ ಕಾಗದವನ್ನು ಪ್ರತಿ ಸಲ ಅದೇ ಮೂಲೆಗೆ ಕೂರಿಸಬೇಕು. ಮುತ್ತಾತನ ಪಾಲಿಗೆ ಬಂದದ್ದು ಹೆಂಗಸರ ತಲೆಗೂದಲು. ಬೈತಲೆಯ ಪಕ್ಕದ ಒಂದೊಂದು ಎಳೆಯನ್ನೂ ಮರದಲ್ಲಿ ಉಳಿಸಬೇಕು. ಆಮೇಲೆ ಯಂತ್ರದ ಮುದ್ರಣ ಬಂತು, ಫೋಟೋ ಬಂತು. ರೈಲಿನ ಚಿತ್ರ ಮಾಡಿದವರ ಕೆಲಸವನ್ನು ರೈಲಿನ ಜೊತೆ ಬಂದ ಸಾಮಾನುಗಳೇ ತೆಗೆದವು. ಕೂದಲು ಕೆತ್ತುವವನು ಬೇಡವಾದ. ಮುತ್ತಾತ ಅದೇ ಉಳಿ ಹಿಡಿದು ಮಿಠಾಯಿ ಅಂಗಡಿಗೆ ಮೀನಿನ ಅಚ್ಚು ಕೆತ್ತಲು ಕೂತರು.

ಎಷ್ಟು ಚೆನ್ನಾಗಿದೆ ಕಥೆ. ಅದಕ್ಕೇ ನನಗೆ ಅನುಮಾನ. ಅಪ್ಪ ಪಂಪಿನ ರಿಪೋರ್ಟು ಬಿಟ್ಟರೆ ಬೇರೆ ಯಾವುದನ್ನೂ ಇದ್ದದ್ದು ಇದ್ದ ಹಾಗೆ ಹೇಳಿದವರಲ್ಲ. ಓಗಿನೊ ಹೇಳಿದ್ದು "ಗ್ರ್ಯಾಂಡ್‌ಫಾದರ್, ವುಡ್, ಫಿಶ್" ಎಂಬ ಮೂರೇ ಮಾತಾಗಿದ್ದು, ಉಳಿದದ್ದೆಲ್ಲ ಅಪ್ಪನ ಜೋಡಣೆ ಆಗಿರಬಹುದು. ನೆನಪೂ ಹೀಗೆ ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ ಎಂದು ಇಲ್ಲಿ ಒಂದು ಸಾಲು ಬರೆದಿದ್ದೆ. ತೀರ ನೀಟಾಗಿ ಕಂಡಿತು, ಹೊಡೆದು ಹಾಕಿದೆ.

ಆರೇಳು ತಿಂಗಳ ಮೇಲೆ ಓಗಿನೊ ಹೊರಟುಹೋದರು. ಅಪ್ಪ ರಟ್ಟಿನ ಕೊಳವೆಯೊಂದನ್ನು ಹಿಡಿದು ಮನೆಗೆ ಬಂದು, "ಓಗಿನೊ ಕೊಟ್ರು," ಎಂದರು. ಅಮ್ಮ ಅದು ಕಂಪನಿ ಕ್ಯಾಲೆಂಡರಿನ ಹಾಳೆ ಎಂದುಕೊಂಡಳು. ಅಪ್ಪ ತಾವೇ ರಟ್ಟು ಕತ್ತರಿಸಿ, ಪ್ಲಾಂಟಿನ ಟೇಪು ಸುತ್ತಿ ಫ್ರೇಮು ಹಾಕಿದರು.

ಮುಂದಿನ ಸಂಕ್ರಾಂತಿಗೆ ಅಚ್ಚಿನ ಡಬ್ಬ ಕೆಳಗಿಳಿಯಿತು. ವರ್ಷಕ್ಕೆ ಒಂದೇ ಸಲ ಇಳಿಯುವ ಡಬ್ಬ. ತೆಗೆದು ನೋಡಿದರೆ ಗಿಳಿಯ ಒಂದು ಹೋಳಿಲ್ಲ.

"ಇವಳೇ. ಶಾಲೆಗೆ ತಗೊಂಡು ಹೋಗಿ ಕಳೆದಿದಾಳೆ. ಹೋದ ಸಲ ಅದಕ್ಕೆ ಬಣ್ಣ ಬಳಿದು ಆಡ್ತಿದ್ಲು, ನಾನೇ ನೋಡಿದೀನಿ," ಎಂದಳು ಅಮ್ಮ.

"ನಾನಲ್ಲ!"

"ಮತ್ತೆ ಗಿಳಿ ಹಾರಿ ಹೋಯ್ತಾ?"

ಸೋಫಾದಲ್ಲಿದ್ದ ಅಪ್ಪ ಪೇಪರಿನ ಹಿಂದಿನಿಂದ, "ಹೋಗ್ಲಿ ಬಿಡೇ, ಮಗು," ಎಂದರು. ಅಷ್ಟೇ. ಆ ವರ್ಷ ನನ್ನನ್ನು ಎಳ್ಳು ಬೀರಲು ಕರೆದುಕೊಂಡು ಹೋಗಲಿಲ್ಲ. ಅಥವಾ ಕರೆದುಕೊಂಡು ಹೋದರು, ಕಾರಿನಿಂದ ಇಳಿಸಲಿಲ್ಲ. ಎರಡೂ ನೆನಪಿದೆ, ಎರಡರಲ್ಲೂ ನನ್ನ ಲಂಗ ಒಂದೇ ಬಣ್ಣದ್ದು.

ಇದು ನಗುವ ವಿಷಯ, ಗೊತ್ತು. ನಲವತ್ತೈದರ ಹತ್ತಿರದ ಹೆಂಗಸು, ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಆಫೀಸಿನಲ್ಲಿ ಕಟ್ಟಡದ ನಕ್ಷೆ ಬಿಡಿಸಿ ಸಂಬಳ ತರುವವಳು, ಅಂಗೈಯಗಲ ಮರದ ತುಂಡಿನ ಬಗ್ಗೆ ತಲೆ ಕೆಡಿಸಿಕೊಳ್ಳುವುದು. ಆದರೆ ಅಪ್ಪ ತೀರಿಕೊಂಡು ಆರು ವರ್ಷವಾಯಿತು, ಮತ್ತು ಆ "ಹೋಗ್ಲಿ ಬಿಡೇ, ಮಗು" ನನ್ನ ಬಳಿ ಉಳಿದಿರುವ ಅಪ್ಪನ ಮಾತುಗಳಲ್ಲಿ ಅತಿ ಮೆತ್ತಗಿನದು. ಅಪ್ಪನಿಗೆ ಇನ್ನೊಂದು ಅಭ್ಯಾಸವಿತ್ತು: ಯಾರಾದರೂ ಡಬ್ಬದಲ್ಲಿ ಏನಾದರೂ ಕಳಿಸಿದರೆ ಆ ಡಬ್ಬವನ್ನು ಖಾಲಿ ಹಿಂದಿರುಗಿಸಿದವರಲ್ಲ. ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡಬೇಕು. ಹಾಗಿರುವಾಗ ಅಂಥ ಚಿತ್ರ ಕೊಟ್ಟವರನ್ನು ಬರಿಗೈಯಲ್ಲಿ ಕಳಿಸಿದರೇ? ಜಪಾನಿನ ಮಿಠಾಯಿಗೆ ಎಷ್ಟೋ ಸಲ ಒಂದೇ ಹೋಳು ಸಾಕಂತೆ, ಒತ್ತಿ ಬೋರಲು ಹಾಕಿದರಾಯಿತು. ಅರ್ಧ ಗಿಳಿ ಅವರಿಗೆ ಪೂರ್ತಿ ಗಿಳಿಯೇ.

ಅಪ್ಪ ಕೊಟ್ಟಿದ್ದರೆ ಕಳೆದವಳು ನಾನಲ್ಲ. ಆದರೆ ಅಪ್ಪ ಕೊಟ್ಟು, ನಾನು ಬೈಸಿಕೊಳ್ಳುವಾಗ ಪೇಪರಿನ ಹಿಂದೆ ಕೂತಿದ್ದರು ಎಂದಾಗುತ್ತದೆ. ಆಗ ಆ ಮೆತ್ತಗಿನ ಮಾತು ಕರುಣೆಯಲ್ಲ, ಅಂಜಿಕೆ. ನಾನು ಗೆಲ್ಲಬೇಕಾದರೆ ಅಪ್ಪ ಸೋಲಬೇಕು. ಹಾಗಾಗಿ ಇಷ್ಟು ವರ್ಷ ಕೆದಕದೆ ಬಿಟ್ಟಿದ್ದೆ.

ಕೆದಕಿದ್ದು ಅಮ್ಮ. ಅವಳೀಗ ನಮ್ಮ ಜೊತೆಗಿದ್ದಾಳೆ. ಈ ಸಂಕ್ರಾಂತಿಗೆ ಅಚ್ಚುಗಳನ್ನೆಲ್ಲ ಮೊಮ್ಮಗಳ ಕೈಗೆ ಒಪ್ಪಿಸುತ್ತೇನೆಂದು ಡಬ್ಬ ಇಳಿಸಿ, "ಗಿಳಿ ಮಾತ್ರ ಒಂದೇ ಹೋಳು. ನಿಮ್ಮಮ್ಮ ಕಳೆದದ್ದು," ಎಂದು ಹದಿಮೂರು ವರ್ಷದ ಇಂಚರಳಿಗೆ ಇತಿಹಾಸ ಹೇಳಿದಳು.

ಆರೋಪ ಇನ್ನೊಂದು ತಲೆಮಾರಿಗೆ ದಾಟುತ್ತಿದೆ ಎಂದು ನನಗೆ ರೇಗಿತು. ನಾನು ನನ್ನ ಕಡೆಯ ಕಥೆ ಹೇಳಿದೆ: ಓಗಿನೊ ಆ ದಿನ ತಮ್ಮ ಚೀಲದಿಂದ ಮೆತ್ತನೆಯ ಕಾಗದ ತೆಗೆದರು, ನನ್ನ ಬಣ್ಣದ ಡಬ್ಬಿಯ ಕೆಂಪನ್ನು ಅಚ್ಚಿಗೆ ಹಚ್ಚಿ, ಕಾಗದ ಹಾಸಿ, ಚಮಚದ ಬೆನ್ನಿನಿಂದ ಉಜ್ಜುವುದನ್ನು ತೋರಿಸಿದರು, ಹಾಳೆ ಎತ್ತಿದಾಗ ಕೆಂಪು ಗಿಳಿ ಮೂಡಿತ್ತು. ಆಡಿದ್ದು ಹೌದು, ಕಳೆದದ್ದು ನಾನಲ್ಲ.

ಇಂಚರ ಉಳಿದ ಹೋಳಿಗೆ ಕೆಂಪು ಹಚ್ಚಿದಳು, ಕಾಗದ ಹಾಸಿದಳು, ಉಜ್ಜಿದಳು, ಎತ್ತಿದಳು. ಕೆಂಪು ಚೌಕದ ನಡುವೆ ಬಿಳಿಯ ಗಿಳಿ.

"ಅಮ್ಮಾ, ಇಟ್ಸ್ ಹಾಲೋ. ಗಿಳಿ ಇರೋ ಕಡೆ ಪೇಂಟ್ ತಾಗೋದೇ ಇಲ್ಲ. ರೆಡ್ ಗಿಳಿ ಈಸ್ ಇಂಪಾಸಿಬಲ್. ಯುವರ್ ಸ್ಟೋರಿ ಈಸ್ ಫೇಕ್."

ಅಮ್ಮನ ಮುಖ 'ನಾನು ಹೇಳಿರ್ಲಿಲ್ವಾ' ಅಂದಿತು. ನಕ್ಷೆ ಬಿಡಿಸುವವಳು ನಾನು; ಗುಂಡಿಯಾಗಿ ಕೆತ್ತಿದ್ದು ಬಿಳಿಯಾಗಿ ಮೂಡುತ್ತದೆಂದು ಮೂವತ್ತೈದು ವರ್ಷದಲ್ಲಿ ಒಂದು ಸಲವೂ ಹೊಳೆದಿರಲಿಲ್ಲ. ಗಿಳಿಯೇ ತಪ್ಪಾದರೆ ಚಮಚ ಸರಿಯೇ? ಕಾಗದ? ಓಗಿನೊ ನನಗೆ ಕಲಿಸಿದ್ದೇ ಸುಳ್ಳೇ? ರಾಡಿಲ್ಲದ ಚಕ್ರದ ರೈಲು ನಾನೇ ಎನಿಸಿತು.

ಅದೇ ವಾರ ಏಸಿ ಸೋರಿ ಚಿತ್ರದ ಫ್ರೇಮಿನೊಳಗೆ ನೀರು ಇಳಿಯಿತು. ತರಕಾರಿ ಮಾರುಕಟ್ಟೆಯ ಹತ್ತಿರ ಫ್ರೇಮಿನ ಅಂಗಡಿ ಇಟ್ಟಿರುವ ಹಮೀದ್ ಭಾಯಿ ಬಂಟ್ವಾಳದ ಕಡೆಯವರು. ಅಪ್ಪನ ಟೇಪು ನೋಡಿಯೇ ತಲೆಗೆ ಕೈ ಹಚ್ಚಿದರು.

"ಇದೆಂತ ಅಕ್ಕ, ಪೈಪಿಗೆ ಸುತ್ತುವ ಟೇಪಲ್ವಾ? ಯಾರು ಹಾಕಿದ್ದು ಮಾರಾಯ್ರೆ?"

"ನಮ್ಮ ತಂದೆ."

"ಗಟ್ಟಿ ಉಂಟು," ಎಂದು ಕೂಡಲೇ ರಾಗ ಬದಲಿಸಿದರು. ಭೂತಗನ್ನಡಿ ಹಿಡಿದು ಚಿತ್ರದ ಮೇಲೆ ಬಗ್ಗಿದರು. "ಇದು ಕ್ಯಾಲೆಂಡರ್ ಅಲ್ಲ ಅಕ್ಕ. ಕ್ಯಾಲೆಂಡರ್ ಆದ್ರೆ ಚುಕ್ಕಿ ಚುಕ್ಕಿ ಕಾಣ್ತದೆ. ಬೆನ್ನು ನೋಡಿ, ಬಣ್ಣ ಹಿಂದೆವರೆಗೆ ಇಳಿದಿದೆ, ಉಜ್ಜಿದ ಗುರ್ತು ಉಂಟು. ಕೈಯಲ್ಲಿ ಒತ್ತಿದ್ದೇ. ಎಷ್ಟು ಹಳೇದು ಅಂತ ನಂಗೆ ಹೇಳ್ಲಿಕ್ಕೆ ಆಗುದಿಲ್ಲ." ಆಮೇಲೆ, "ರಟ್ಟಿನ ಒಳಗೆ ಇನ್ನೊಂದು ಎಂತದೋ ಉಂಟು," ಎಂದರು.

ಎಳೆದು ತೆಗೆದದ್ದು ಮಡಿಸಿದ ಒಂದು ಹಾಳೆ. ಬಟ್ಟೆಯ ಹಾಗೆ ಮೆತ್ತನೆಯ ಕಾಗದ. ಬಿಡಿಸಿದರೆ ಕೆಂಪು ಚೌಕ, ನಡುವೆ ಬಿಳಿಯ ಗಿಳಿ. ಕತ್ತಲಲ್ಲೇ ಇದ್ದುದರಿಂದ ಆ ಕೆಂಪು ಇನ್ನೂ ಕುಂಕುಮದ ಹಾಗೇ ಇತ್ತು. ಕೆಳಗೆ ಮೂಲೆಯಲ್ಲಿ ಚಿಕ್ಕದೊಂದು ಕೆಂಪು ಹೆಬ್ಬೆಟ್ಟು, ಗೆರೆ ಕಾಣದ ಹಾಗೆ ಕಲೆಸಿಹೋದದ್ದು.

ಮನೆಗೆ ತಂದು ಇಂಚರಳ ಹಾಳೆಯ ಪಕ್ಕ ಇಟ್ಟೆ. ಅವಳ ಗಿಳಿ ಎಡಕ್ಕೆ ನೋಡುತ್ತಿತ್ತು, ಇದು ಬಲಕ್ಕೆ. ಮುಖಾಮುಖಿ ಕೂರುವ ಎರಡು ಹೋಳುಗಳಲ್ಲಿ ಗಿಳಿಗಳು ಒಂದೊಂದು ದಿಕ್ಕಿಗೆ ನೋಡಲೇಬೇಕು. ಅಂದರೆ ಇದು ಕಳೆದುಹೋದ ಹೋಳಿನಿಂದಲೇ ಒತ್ತಿದ್ದು.

"ಓಕೆ, ನಾಟ್ ಫುಲ್ಲಿ ಫೇಕ್," ಎಂದು ಇಂಚರ ತೀರ್ಪು ತಿದ್ದಿದಳು.

ಕಾಗದ ನಿಜ, ಕೆಂಪು ನಿಜ. ಫ್ರೇಮು ಹಾಕಿದವರು ಅಪ್ಪ, ಆದ್ದರಿಂದ ಈ ಹಾಳೆಯ ವಿಷಯ ಅಪ್ಪನಿಗೆ ಗೊತ್ತಿತ್ತು. ಅಡಗಿಸಿಟ್ಟರೋ, ಜೋಪಾನ ಮಾಡಿದರೋ. ನಾನು ಅಮ್ಮನ ಮುಖ ನೋಡಿದೆ. ಈಗ 'ನೀನೇ ಆಡಿ ಕಳೆದದ್ದು, ಸಾಕ್ಷಿ ಸಿಕ್ತಲ್ಲ' ಎನ್ನುತ್ತಾಳೆ ಎಂದುಕೊಂಡೆ. ಅವಳು ಹಾಳೆಯನ್ನು ಮುಟ್ಟದೆ, ಹತ್ತಿರ ಬಗ್ಗಿ ಬಹಳ ಹೊತ್ತು ನೋಡಿದಳು.

"ಮೀನಿಗಿಂತ ಗಿಳಿ ಇಷ್ಟವಾಗಿತ್ತು ಅವರಿಗೆ," ಎಂದಳು. "ಎಷ್ಟು ಹೊತ್ತು ಕೈಲೇ ಹಿಡ್ಕೊಂಡಿದ್ರು. ಕೊಕ್ಕಿನ ಹತ್ರ ಉಳಿ ಹೇಗೆ ತಿರುಗಿಸಿದಾರೆ ಅಂತ ಬೆರಳಲ್ಲಿ ತೋರಿಸಿದ್ರು."

"ನೀನು ಆಗ ಅಡುಗೆಮನೇಲಿದ್ದೆ ಅಂತಿದ್ದೆ ಯಾವಾಗ್ಲೂ?"

"ಅಡುಗೆಮನೆಗೆ ಬಾಗಿಲಿರ್ಲಿಲ್ವೇನೇ?"

ಇಂಚರ ಅಷ್ಟರಲ್ಲಿ ಮೂಲೆಯ ಗುರುತಿನ ಮೇಲೆ ತನ್ನ ಹೆಬ್ಬೆಟ್ಟು ಇಟ್ಟು ನೋಡುತ್ತಿದ್ದಳು. ಸರಿಯಾಗಿ ಕೂತಿತು. "ಸೋ ಇಟ್ಸ್ ಅಮ್ಮಾಸ್, ವೆನ್ ಶಿ ವಾಸ್ ಸ್ಮಾಲ್," ಎಂದಳು. ನಾನು ಇಟ್ಟೆ, ನನ್ನದು ಈಗ ಸುತ್ತಲೂ ಆಚೆ ಬಂತು. ಅವಳು ತಿರುಗಿ, ತಮಾಷೆಗೆ, "ಅಜ್ಜಿ, ನೌ ಯು," ಎಂದಳು.

"ನನ್ ಕೈ ಒದ್ದೆ ಕಣೇ," ಎಂದು ಅಮ್ಮ ಎರಡೂ ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡು ಒಳಗೆ ಹೋದಳು.

ಸಂಕ್ರಾಂತಿ ಶುಕ್ರವಾರಕ್ಕೇ ಬಂತು. ಈ ಸಲ ಗಿಳಿಯ ಒಂದೇ ಹೋಳಿಗೆ ಪಾಕ ಹೊಯ್ಯಲು ಅಮ್ಮನೇ ಹೇಳಿದಳು. "ಬೆನ್ನು ಚಪ್ಪಟೆ ಇರ್ಲಿ ಬಿಡು, ತಟ್ಟೇಲಿ ಮಲಗುತ್ತೆ." ಇಷ್ಟು ವರ್ಷ ಗಿಳಿ ಮಾಡೋಣವೆಂದರೆ ಬೇಡವೆಂದವಳು. ಆರಿದ ಮೇಲೆ ಹೆಬ್ಬೆಟ್ಟು ಊರುವುದು ಹೇಗೆಂದು ಇಂಚರಳಿಗೆ ತೋರಿಸಿದಳು. ಮೊದಲ ಗಿಳಿಯ ಕೊಕ್ಕು ಮುರಿಯಿತು, ಎರಡನೆಯದು ಇಡಿಯಾಗಿ ಬಂತು. ಡಬ್ಬವನ್ನು ಮೊಮ್ಮಗಳ ಕೈಗಿಡುವಾಗ ಪಟ್ಟಿ ಒಪ್ಪಿಸಿದಳು: "ಮೀನು ಜೋಡಿ, ಕಳಸ ಜೋಡಿ, ಬಾಳೆಗೊನೆ ಜೋಡಿ, ಬೃಂದಾವನ ಜೋಡಿ. ಗಿಳಿ ಒಂದು." ಅಲ್ಲಿಗೆ ನಿಲ್ಲಿಸಿದಳು. ನಾನು ಬಾಗಿಲಲ್ಲಿ ನಿಂತು 'ನಿಮ್ಮಮ್ಮ ಕಳೆದದ್ದು' ಎಂಬ ಮುಂದಿನ ವಾಕ್ಯಕ್ಕೆ ಕಾಯುತ್ತಿದ್ದೆ. ಅದು ಬರಲಿಲ್ಲ.

ಓಗಿನೊ ಅವರ ಮುತ್ತಾತ ಕೂದಲು ಕೆತ್ತುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಗಿಳಿಯ ಇನ್ನೊಂದು ಹೋಳು ಯಾವ ಊರಿನಲ್ಲಿದೆ, ಯಾರು ಕೊಟ್ಟರು, ಅಪ್ಪ ಪೇಪರಿನ ಹಿಂದೆ ಯಾರನ್ನು ಕಾಪಾಡುತ್ತಿದ್ದರು, ಗೊತ್ತಿಲ್ಲ. ಆ ಹೆಬ್ಬೆಟ್ಟು ಒಂಬತ್ತು ವರ್ಷದ ನನ್ನದೋ, ಮಕ್ಕಳ ಬಳೆ ತೊಡುವ ಮೂವತ್ತೆರಡರ ಅಮ್ಮನದೋ, ಕೇಳಿದರೆ ಗೊತ್ತಾಗಬಹುದು; ಕೇಳಿಲ್ಲ. ಅಮ್ಮನ ಕೈ ಆ ದಿನ ನಿಜವಾಗಿ ಒದ್ದೆಯಾಗಿತ್ತೇ ಎಂದು ನೆನಪು ಮಾಡಿಕೊಳ್ಳಲು ನೋಡುತ್ತೇನೆ. ಹೋದ ತಿಂಗಳ ಮಾತು. ನೆನಪಾಗುತ್ತಿಲ್ಲ.